ಎರಡು ಸಲ ಟ್ಯೂಬ್ ಕಳೆದುಕೊಂಡ ಸೈಕಲ್



ಇವತ್ತಿನ ಮಾತು ಸೈಕಲ್ಲಿನ ಟ್ಯೂಬಿನ ಬಗ್ಗೆ. ರಾಜರು, ಯುದ್ಧ, ಶಾಸನ ಎಲ್ಲ ಬಿಟ್ಟು ಟ್ಯೂಬಿನ ಚರಿತ್ರೆಯೇ ಅಂತ ನಗಬೇಡಿ. ನೀವು ಬೆಳೆದ ಈ ನೆದರ್ಲೆಂಡ್ಸಿನಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಇಂಥ ದೇಶದಲ್ಲಿ ಟ್ಯೂಬಿನ ಕಥೆ ಹಿಡಿದು ಹೊರಟರೆ ಯುದ್ಧವೂ ಸಿಗುತ್ತದೆ, ಸಾಮ್ರಾಜ್ಯವೂ ಸಿಗುತ್ತದೆ. ಕೊನೆಗೆ ಸುಳ್ಯ, ಪುತ್ತೂರು ಕೂಡ ಸಿಗುತ್ತವೆ.

ನಿಮ್ಮಲ್ಲಿ ಕೆಲವರು ಶನಿವಾರ ಬೆಳಿಗ್ಗೆ ಮೌಂಟನ್ ಬೈಕ್ ಹತ್ತಿ ವೇಲುವೆ ಕಾಡಿಗೋ ಸ್ಖೋರ್ಲ್ ಕಡೆಯ ಮರಳು ದಿಬ್ಬಗಳಿಗೋ ಹೋಗುತ್ತೀರಿ. ಚಕ್ರದೊಳಗಿನ ಟ್ಯೂಬ್ ಕಿತ್ತುಹಾಕಿ ಟ್ಯೂಬ್‌ಲೆಸ್ ಮಾಡಿಕೊಂಡವರೂ ಇದ್ದೀರಿ. ಊರಿಂದ ಬಂದ ಅಜ್ಜ ಗ್ಯಾರೇಜಿನಲ್ಲಿ ಅದನ್ನು ನೋಡಿ, "ಟ್ಯೂಬೇ ಇಲ್ಲ ಅಂದ್ರೆ ಗಾಳಿ ಎಲ್ಲಿ ನಿಲ್ಲುತ್ತೆ ಮಗಾ?" ಅಂತ ಕೇಳಿದರೆ ಏನು ಹೇಳುತ್ತೀರಿ? ಅಜ್ಜನ ಪ್ರಶ್ನೆಗೆ ಮೆಕ್ಯಾನಿಕ್ಕಿನ ಉತ್ತರ ಒಂದಿದೆ, ಚರಿತ್ರೆಯ ಉತ್ತರ ಇನ್ನೊಂದಿದೆ. ಈ ದೇಶದ ಸೈಕಲ್ ಎರಡು ಸಲ ಟ್ಯೂಬ್ ಕಳೆದುಕೊಂಡಿದೆ. ಮೊದಲ ಸಲ ಬಲವಂತಕ್ಕೆ, ಹೊಟ್ಟೆಗಿಲ್ಲದ ಕಾಲದಲ್ಲಿ. ಎರಡನೆಯ ಸಲ ಇಷ್ಟಪಟ್ಟು.

ಟ್ಯೂಬ್ ಬಂದದ್ದು ಹೇಗೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದ. ಒಳಗೆ ರಬ್ಬರ್ ಸವರಿದ ಬಟ್ಟೆಯ ಕೊಳವೆ, ಹೊರಗೆ ಚರ್ಮದ ಹೊದಿಕೆ. ಅದು ಕುದುರೆಗಾಡಿಗೆಂದು ಮಾಡಿದ್ದು. ಹೆಚ್ಚು ಜನ ಕೊಳ್ಳಲಿಲ್ಲ, ಆಮೇಲೆ ಮರೆತೇಬಿಟ್ಟರು. ನಲವತ್ತು ವರ್ಷ ಕಳೆದ ಮೇಲೆ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಅಂಥದ್ದನ್ನೇ ಕಟ್ಟಿ 1888ರಲ್ಲಿ ಪೇಟೆಂಟ್ ಪಡೆದ. ಥಾಮ್ಸನ್ನನ ಹಳೆಯ ಪೇಟೆಂಟ್ ಹೊರಬಂದು ಡನ್‌ಲಪ್ಪನದು ಬಿದ್ದುಹೋಯಿತು. ಹೆಸರು ಮಾತ್ರ ಇವನದೇ ನಿಂತಿತು. ಚರಿತ್ರೆಯಲ್ಲಿ ಇದು ಹೊಸದೇನಲ್ಲ.

ಡನ್‌ಲಪ್ಪನ ಟೈರನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ಆದರೆ ಗ್ರಹಚಾರ. 1889ರಲ್ಲಿ ಫ್ರಾನ್ಸಿನ ಕ್ಲೆರ್ಮೋಂ ಫೆರಾಂ ಊರಿನ ಮಿಶೆಲಿನ್ ಸೋದರರ ಕಾರ್ಖಾನೆಗೆ ಅಂಥ ಸೈಕಲ್ ಒಂದು ರಿಪೇರಿಗೆ ಬಂತು. ಬಿಚ್ಚಿ ತೇಪೆ ಹಾಕಲು ಮೂರು ಗಂಟೆ, ಅಂಟು ಒಣಗಲು ಒಂದು ರಾತ್ರಿ. ಈ ಪಾಡು ನೋಡಿ ಅವರು 1891ರಲ್ಲಿ ಬಿಚ್ಚಿ ಹಾಕಬಹುದಾದ ಟೈರ್ ಮಾಡಿದರು. ಅದೇ ವರ್ಷ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ವಾಪಸ್ ಬರುವ ದೊಡ್ಡ ಓಟವನ್ನು ಶಾರ್ಲ್ ತೆರೋಂ ಆ ಟೈರಿನ ಮೇಲೆಯೇ ಗೆದ್ದ. ಟೈರ್ ಬಿಚ್ಚಬಹುದು ಅಂದ ಮೇಲೆ ಕೆಲಸ ಹಂಚಿಹೋಯಿತು. ಗಾಳಿ ಹಿಡಿಯುವುದು ಟ್ಯೂಬಿನ ಪಾಲು. ನೆಲದ ಪೆಟ್ಟು ತಿನ್ನುವುದು ಟೈರಿನ ಪಾಲು. ಇಬ್ಬರನ್ನೂ ಹೊರುವುದು ರಿಮ್ಮಿನ ಪಾಲು. ಈ ಹಂಚಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದಕ್ಕೆಲ್ಲ ರಬ್ಬರ್ ಬೇಕಲ್ಲ, ಎಲ್ಲಿಂದ ಬರಬೇಕು? ರಬ್ಬರ್ ಮರ ಬ್ರೆಜಿಲ್ಲಿನದು. 1876ರಲ್ಲಿ ಹೆನ್ರಿ ವಿಕಮ್ ಎಂಬ ಇಂಗ್ಲಿಷಿನವನು ಅಮೆಜಾನ್ ಕಾಡಿನಿಂದ ಸುಮಾರು 70,000 ಬೀಜ ಹೊತ್ತು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ತಂದ. ಮೊಳೆತ ಸಸಿಗಳು ಸಿಲೋನಿಗೆ ಹೋದವು, ಅಂದರೆ ಇವತ್ತಿನ ಶ್ರೀಲಂಕೆಗೆ. ಅಲ್ಲಿನ ಹೆನರತ್‌ಗೊಡ ತೋಟದಲ್ಲಿ ಬೇರೂರಿದವು. ಮುಂದೆ ಮಲಯದಲ್ಲಿ ಬೆಳೆದವು. ಡಚ್ಚರ ಕೈಯಲ್ಲಿದ್ದ ಜಾವಾ, ಸುಮಾತ್ರಾ ದ್ವೀಪಗಳಲ್ಲೂ ಕಾಡು ಕಡಿದು ರಬ್ಬರ್ ತೋಟ ಎಬ್ಬಿಸಿದರು. ಸುಮಾತ್ರಾದ ಪೂರ್ವ ಕರಾವಳಿಯ ತೋಟಗಳಿಗೆ ಜಾವಾದಿಂದ, ಚೀನಾದಿಂದ ಕರಾರಿನ ಕೂಲಿಗಳನ್ನು ತಂದರು. 1880ರ ಡಚ್ ಕೂಲಿ ಕಾಯಿದೆಯ ಪ್ರಕಾರ ಕರಾರು ಮುರಿದು ಓಡಿಹೋದ ಕೂಲಿಗೆ ಜೈಲು. ಕೆಲಸ ಬಿಡುವುದೇ ಅಪರಾಧ! ಬೆಳಗಿನ ಜಾವ ಎದ್ದು ಮರದ ತೊಗಟೆಗೆ ಗೀರು ಹಾಕಿ ಹಾಲು ಇಳಿಸುತ್ತಿದ್ದ ಆ ಕೈಗಳಿಂದ ಬಂದ ರಬ್ಬರ್ ಹಡಗಿನಲ್ಲಿ ಇಲ್ಲಿಗೆ ತಲುಪುತ್ತಿತ್ತು.

ತಲುಪಿ ಏನಾಗುತ್ತಿತ್ತು ಅಂತ ನೋಡಬೇಕಾದರೆ ಆರ್ನ್‌ಹೆಮ್ ಕಡೆ ಹೋದಾಗ ಹೆವೆಯಾಡೋರ್ಪ್‌ಗೆ ಹೋಗಿಬನ್ನಿ. ರೈನ್ ನದಿಯ ದಂಡೆ, ಹುಲ್ಲು ಹೊದಿಸಿದ ಚೆಂದದ ಮನೆಗಳು. ನೋಡಿದರೆ ಎಷ್ಟೋ ಶತಮಾನದ ಹಳ್ಳಿ ಅನ್ನಿಸುತ್ತದೆ. ನಿಜಕ್ಕೂ ಅದು 1916ರಿಂದ 1918ರೊಳಗೆ ಒಂದು ರಬ್ಬರ್ ಕಾರ್ಖಾನೆಯ ಕೆಲಸಗಾರರಿಗಾಗಿ ಕಟ್ಟಿದ ಕಾಲೊನಿ. ರಬ್ಬರ್ ಮರದ ಶಾಸ್ತ್ರೀಯ ಹೆಸರು ಹೆವೆಯಾ ಬ್ರೆಸಿಲಿಯೆನ್ಸಿಸ್. ಕಾರ್ಖಾನೆಗೂ ಅದೇ ಹೆಸರು, ಊರಿಗೂ ಅದೇ ಹೆಸರು. ಅಮೆಜಾನಿನ ಮರದ ಹೆಸರು ಹೊತ್ತ ಡಚ್ ಹಳ್ಳಿ! ಇನ್ನೊಂದು ಕಂಪನಿ ವ್ರೆಡೆಸ್ಟೈನ್, 1909ರಲ್ಲಿ ಹೇಗ್ ಪಕ್ಕದ ಲೋಸ್‌ಡೌನೆನ್‌ನಲ್ಲಿ ಶುರುವಾದದ್ದು. ಈ ಹೆಸರನ್ನು ನಿಮ್ಮ ಮನೆಯ ಯಾವುದಾದರೂ ಟೈರಿನ ಮೇಲೆ ಓದಿರುತ್ತೀರಿ. ಅದರ ಕಥೆಗೆ ಆಮೇಲೆ ಬರುತ್ತೇನೆ.

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಈ ದೇಶವನ್ನು ಹಿಡಿಯಿತು. ಸಮುದ್ರದ ದಾರಿ ಮುಚ್ಚಿತು, ರಬ್ಬರ್ ಬರುವುದು ನಿಂತಿತು. 1942ರ ಮಾರ್ಚಿನಲ್ಲಿ ಜಾವಾದಲ್ಲಿದ್ದ ಡಚ್ ಸೇನೆ ಜಪಾನಿಗೆ ಶರಣಾಯಿತು. ತೋಟಗಳೂ ಕೈಬಿಟ್ಟವು. ಇಲ್ಲಿ ಇದ್ದ ಟೈರು, ಟ್ಯೂಬು ಸವೆಯುತ್ತಾ ಬಂದವು. ಪೆಟ್ರೋಲ್ ಇಲ್ಲದ್ದರಿಂದ ಜನರಿಗೆ ಸೈಕಲ್ಲೇ ಗತಿ. ಸೈಕಲ್ಲಿಗೆ ರಬ್ಬರೇ ಇಲ್ಲ.

ಆಮೇಲೆ ಸೈಕಲ್ಲುಗಳನ್ನೇ ಕಿತ್ತುಕೊಂಡರು. ಮೊದಲು ಯಹೂದಿಗಳದ್ದು. 1942ರ ಜೂನಿನಲ್ಲಿ ಅವರೆಲ್ಲ ಸೈಕಲ್ ತಂದೊಪ್ಪಿಸಬೇಕು ಅಂತ ಆಜ್ಞೆಯಾಯಿತು. ಆನ್ ಫ್ರಾಂಕಳ ದಿನಚರಿಯನ್ನು ನೀವು ಶಾಲೆಯಲ್ಲಿ ಓದಿರುತ್ತೀರಿ. 1942ರ ಜುಲೈ 6ರಂದು ಆ ಕುಟುಂಬ ಅಡಗುತಾಣಕ್ಕೆ ಹೋದಾಗ ಆನ್ ತನ್ನ ಅಪ್ಪ ಅಮ್ಮನ ಜೊತೆ ಆಮ್‌ಸ್ಟರ್‌ಡ್ಯಾಮಿನ ಮಳೆಯಲ್ಲಿ ನಡೆದುಕೊಂಡೇ ಹೋದಳು. ಅಕ್ಕ ಮಾರ್ಗೊಟ್ ಮಾತ್ರ ಒಪ್ಪಿಸದೆ ಉಳಿಸಿಕೊಂಡಿದ್ದ ಸೈಕಲ್ ಹತ್ತಿ ಮೀಪ್ ಖೀಸ್ ಜೊತೆ ಮುಂಚೆಯೇ ಹೋಗಿದ್ದಳು. ಹದಿನಾರು ವರ್ಷದ ಹುಡುಗಿ ಸೈಕಲ್ ಮೇಲೆ ಕೂತಿದ್ದೇ ಆ ದಿನ ಕಾನೂನು ಮುರಿದಂತೆ. ಮ್ಯೂಸಿಯಮ್ಮಿಗೆ ಹೋದಾಗ ಆ ಪುಸ್ತಕದ ಕಪಾಟಿನ ಜೊತೆ ಈ ಸೈಕಲ್ಲನ್ನೂ ನೆನೆಸಿಕೊಳ್ಳಿ.

ಅದೇ ಜುಲೈಯಲ್ಲಿ ಉಳಿದ ಡಚ್ಚರ ಸೈಕಲ್ಲುಗಳಿಗೂ ಕುತ್ತು ಬಂತು. ಬೀದಿಯಲ್ಲಿ ತಡೆದು ಇಳಿಸಿ ತೆಗೆದುಕೊಂಡು ಹೋಗುತ್ತಿದ್ದರು. 1944ರ ಸೆಪ್ಟೆಂಬರಿನಲ್ಲಿ ಹಿಂದೆ ಸರಿಯುತ್ತಿದ್ದ ಸೈನಿಕರು ಸಿಕ್ಕಿದ ಸೈಕಲ್ ಹತ್ತಿ ಹೊರಟುಹೋದರು. ಜನ ಸೈಕಲ್ ಬಿಚ್ಚಿ ಅಟ್ಟದಲ್ಲಿ, ನೆಲದಡಿಯಲ್ಲಿ ಅಡಗಿಸಿಟ್ಟರು. ಫುಟ್‌ಬಾಲ್ ಪಂದ್ಯದಲ್ಲಿ ಡಚ್ಚರು ಜರ್ಮನ್ನರನ್ನು ನೋಡಿ ನಮ್ಮ ಸೈಕಲ್ ವಾಪಸ್ ಕೊಡಿ ಅಂತ ಛೇಡಿಸುವುದು ಇದಕ್ಕೇ. ಈಗ ಅದು ತಮಾಷೆ. ಆಗ ಸೈಕಲ್ ಹೋಯಿತೆಂದರೆ ಮನೆಗೆ ಆಲೂಗಡ್ಡೆ ತರುವ ದಾರಿ ಹೋಯಿತು ಅಂತ ಅರ್ಥ.

ಹೇಗೋ ಉಳಿದ ಸೈಕಲ್ಲಿಗೆ ಗಾಳಿ ಎಲ್ಲಿಂದ ತರುವುದು? ಈ ಜನ ಏನೇನು ಕಟ್ಟಿದರು ನೋಡಿ. ತೋಟಕ್ಕೆ ನೀರು ಬಿಡುವ ಪೈಪನ್ನು ಕತ್ತರಿಸಿ ರಿಮ್ಮಿನ ಸುತ್ತ ತಂತಿಯಿಂದ ಬಿಗಿದರು. ಹಳೆಯ ಕಾರ್ ಟೈರನ್ನು ಪಟ್ಟಿಪಟ್ಟಿ ಸೀಳಿ ಸುತ್ತಿದರು. ಮರದ ಚಕ್ರ ಮಾಡಿ ನಡುವೆ ಸ್ಪ್ರಿಂಗ್ ಕೂರಿಸಿದರು. ಏನೂ ಇಲ್ಲದವರು ಬರೀ ರಿಮ್ಮಿನ ಮೇಲೆ, ಕಲ್ಲುಹಾಸಿನ ಬೀದಿಯಲ್ಲಿ ಗಡಗಡ ಸದ್ದು ಮಾಡುತ್ತಾ ಹೋದರು. 1944–45ರ ಚಳಿಗಾಲಕ್ಕೆ ಇಲ್ಲಿ ಹಸಿವಿನ ಚಳಿಗಾಲ ಅಂತಲೇ ಹೆಸರು. ಪಶ್ಚಿಮದ ನಗರಗಳಲ್ಲಿ ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ಮನೆಯ ಬೆಳ್ಳಿ, ಹಾಸಿಗೆ ಹೊದಿಕೆ ಕಟ್ಟಿಕೊಂಡು ಹತ್ತಾರು ಮೈಲಿ ದೂರದ ರೈತರ ಹತ್ತಿರ ಹೋಗಿ, ಅದನ್ನು ಕೊಟ್ಟು ಒಂದಿಷ್ಟು ಗೋಧಿ, ಆಲೂಗಡ್ಡೆ ತರುತ್ತಿದ್ದವರಲ್ಲಿ ಹೆಂಗಸರು, ಮಕ್ಕಳೇ ಬಹಳ. ಗಂಡಸರು ಹೊರಗೆ ಬಂದರೆ ಜರ್ಮನಿಯ ಕಾರ್ಖಾನೆಗೆ ಹಿಡಿದೊಯ್ಯುತ್ತಿದ್ದರು. ಗಾಳಿ ಇಲ್ಲದ ಚಕ್ರದ ಮೇಲೆ, ಹೊಟ್ಟೆಗಿಲ್ಲದ ಮೈಯಲ್ಲಿ, ಮಂಜಿನಲ್ಲಿ ಅಷ್ಟು ದೂರ. ನೆದರ್ಲೆಂಡ್ಸಿನ ಮೊದಲ ಟ್ಯೂಬ್‌ಲೆಸ್ ಸೈಕಲ್ ಅಂದರೆ ನನ್ನ ಲೆಕ್ಕದಲ್ಲಿ ಇದು.

ಯುದ್ಧ ಮುಗಿದ ಮೇಲೆ ರಬ್ಬರ್ ಬಂತು, ಟ್ಯೂಬ್ ಬಂತು, ಎಲ್ಲರೂ ಮತ್ತೆ ತೇಪೆ ಹಾಕುವುದಕ್ಕೆ ಕೂತರು. ಇದರಲ್ಲಿ ಊರಿಗೂ ಇಲ್ಲಿಗೂ ವ್ಯತ್ಯಾಸ ಬಹಳ ಕಡಿಮೆ. ನಮ್ಮ ಕಡೆ ಬಸ್‌ಸ್ಟ್ಯಾಂಡ್ ಪಕ್ಕದ ಸೈಕಲ್ ಶಾಪಿನಲ್ಲಿ ಟಬ್ಬಿನ ನೀರಿಗೆ ಟ್ಯೂಬ್ ಅದ್ದಿ, ಗುಳ್ಳೆ ಬಂದ ಕಡೆ ಬೆರಳಿಟ್ಟು, ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ ಒಣಗಿಸಿ, ತೇಪೆ ಒತ್ತಿ ಕೊಡುತ್ತಾರೆ. ಇಲ್ಲಿ ಅದನ್ನೇ ಅಡುಗೆಮನೆಯ ಸಿಂಕಿನಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ನಿಮ್ಮ ಅಜ್ಜ 'ವಾಲ್ ಟ್ಯೂಬ್' ಅಂತ ಹೇಳುವ ಸಣ್ಣ ರಬ್ಬರ್ ತುಣುಕಿದೆಯಲ್ಲ, ಅದು ಕೂರುವ ಡನ್‌ಲಪ್ ವಾಲ್ವೇ ಇಲ್ಲಿನ ಓಮಾಫೀಟ್ಸ್‌ನಲ್ಲೂ ಇರುವುದು. ಅಜ್ಜನ ಪಂಪಿನಿಂದ ನಿಮ್ಮ ಸೈಕಲ್ಲಿಗೆ ಗಾಳಿ ಹೊಡೆಯಬಹುದು.

ಕಾರುಗಳು ಅಷ್ಟರಲ್ಲಿ ಟ್ಯೂಬ್ ಬಿಟ್ಟಿದ್ದವು. ಅಮೆರಿಕದ ಗುಡ್‌ರಿಚ್ ಕಂಪನಿಯ ಫ್ರಾಂಕ್ ಹರ್ಜೆಗ್‌ಗೆ 1952ರಲ್ಲಿ ಟ್ಯೂಬ್ ಇಲ್ಲದ ಟೈರಿನ ಪೇಟೆಂಟ್ ಸಿಕ್ಕಿತು. 1955ರ ಹೊತ್ತಿಗೆ ಅಲ್ಲಿನ ಹೊಸ ಕಾರುಗಳಿಗೆ ಅದೇ ರೂಢಿ. ಸೈಕಲ್ಲಿಗೆ ಯಾಕೆ ಅಷ್ಟು ತಡವಾಯಿತು? ಕಾರಿನ ರಿಮ್ ಒಂದೇ ತಗಡು, ತೂತಿಲ್ಲ. ಸೈಕಲ್ ರಿಮ್ಮಿನಲ್ಲಿ ಒಂದೊಂದು ಕಡ್ಡಿಗೆ ಒಂದೊಂದು ತೂತು, ಸಾಮಾನ್ಯವಾಗಿ 32. ಸೋರುವ ಕೊಡದಲ್ಲಿ ನೀರು ತುಂಬಿದ ಹಾಗೆ. ರಸ್ತೆಯಲ್ಲಿ ಓಡಾಡುವ ಸೈಕಲ್ಲಿಗೆ ಅದರ ಅಗತ್ಯವೂ ಯಾರಿಗೂ ಕಂಡಿರಲಿಲ್ಲ.

ಅಗತ್ಯ ಹುಟ್ಟಿಸಿದ್ದು ಮೌಂಟನ್ ಬೈಕ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟ್ಯಾಮಲ್ಪೈಸ್ ಬೆಟ್ಟದ ಸುತ್ತಮುತ್ತ ಜೋ ಬ್ರೀಜ್, ಗ್ಯಾರಿ ಫಿಶರ್ ಮುಂತಾದ ಹುಡುಗರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಮಣ್ಣಿನ ಇಳಿಜಾರಿನಲ್ಲಿ ಬಿಟ್ಟುಕೊಂಡು ಶುರುಮಾಡಿದ ಆಟ ಅದು. ಬೆಟ್ಟವೇ ಇಲ್ಲದ ನೆದರ್ಲೆಂಡ್ಸಿಗೆ ಇದೆಂಥ ಆಟ ಅಂತ ಕೇಳಬಹುದು. ಯುರೋಪಿನ ಭಾಗದಲ್ಲಿ ಇವರ ಅತಿ ಎತ್ತರದ ಜಾಗ ವಾಲ್ಸರ್‌ಬೆರ್ಖ್, 322 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಮೇಲೆ. ಆದರೂ ಮೌಂಟನ್ ಬೈಕಿಂಗ್ ಮೊದಲ ಸಲ ಒಲಿಂಪಿಕ್ಸಿಗೆ ಬಂದಾಗ, 1996ರ ಅಟ್ಲಾಂಟಾದಲ್ಲಿ, ಪುರುಷರ ಚಿನ್ನ ಗೆದ್ದವರು ಡಚ್ಚರೇ ಆದ ಬಾರ್ಟ್ ಬ್ರೆಂಟ್ಯೆನ್ಸ್. ಲಿಂಬುರ್ಖ್ ಪ್ರಾಂತ್ಯದವರು. ಆ ಪ್ರಾಂತ್ಯದ ದಕ್ಷಿಣ ತುದಿಯ ಮಣ್ಣಿನಲ್ಲಿ ಚಕಮಕಿ ಕಲ್ಲು ತುಂಬಿದೆ. ರೈಕ್‌ಹೋಲ್ಟ್‌ನಲ್ಲಿ ಶಿಲಾಯುಗದ ಜನ ಸುರಂಗ ತೋಡಿ ಅದನ್ನು ತೆಗೆದು ಕೊಡಲಿ ಮಾಡುತ್ತಿದ್ದರು. ಕೊಡಲಿಗೆ ಒದಗಿದ ಕಲ್ಲು ಟೈರನ್ನು ಬಿಡುತ್ತದೆಯೆ?

ಒರಟು ನೆಲದಲ್ಲಿ ಟ್ಯೂಬಿಗೆ ಎರಡು ಕಷ್ಟ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಅದು ನೆಲಕ್ಕೆ ಚಪ್ಪಟೆಯಾಗಿ ಕೂತು ಬೇರು, ಮರಳಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಗಾಳಿ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬ್ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಎರಡು ತೂತು ಬೀಳುತ್ತದೆ, ಹಾವು ಕಚ್ಚಿದ ಗುರುತಿನ ಹಾಗೆ. ಏರಿಸಿದರೆ ಚಕ್ರ ಪುಟಿಯುತ್ತದೆ. 1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪನಿ, ಮಿಶೆಲಿನ್ ಮತ್ತು ಹಚಿನ್‌ಸನ್ ಜೊತೆ ಸೇರಿ ಒಂದು ದಾರಿ ತೋರಿಸಿತು. ಒಳಗೋಡೆಯಲ್ಲಿ ತೂತೇ ಇಲ್ಲದ ರಿಮ್, ಅದಕ್ಕೆ ಗಾಳಿಯಾಡದಂತೆ ಕಚ್ಚಿ ಕೂರುವ ಅಂಚಿನ ಟೈರ್. ಚೆನ್ನಾಗಿತ್ತು. ಆದರೆ ಚಕ್ರ, ಟೈರ್ ಎಲ್ಲ ಹೊಸದಾಗಿ ಕೊಳ್ಳಬೇಕು, ತೂಕವೂ ಹೆಚ್ಚು.

ಇದ್ದ ಚಕ್ರವನ್ನೇ ಬದಲಾಯಿಸಿಕೊಳ್ಳುವ ಉಪಾಯವನ್ನು ಮನೆಮನೆಗೆ ತಲುಪಿಸಿದವರು ನ್ಯೂಯಾರ್ಕ್ ರಾಜ್ಯದ ಸ್ಟ್ಯಾನ್ ಕೊಜಿಯಾಟೆಕ್. 2001ರಲ್ಲಿ ಅವರು ಶುರುಮಾಡಿದ ಕಂಪನಿಯ ಹೆಸರೇ ನೋಟ್ಯೂಬ್ಸ್. ರಿಮ್ಮಿನ ತೂತುಗಳ ಮೇಲೆ ಗಾಳಿಯಾಡದ ಪಟ್ಟಿ, ಟೈರಿನೊಳಗೆ ಒಂದಿಷ್ಟು ದ್ರವ, ಅಷ್ಟೇ. ನನಗೆ ಫ್ರೆಂಚರ ಜಾಣ್ಮೆಗಿಂತ ಈ ರಿಪೇರಿಯವನ ಬುದ್ಧಿಯೇ ಹೆಚ್ಚು ಇಷ್ಟ. ಇದ್ದುದರಲ್ಲೇ ಹೊಂದಿಸಿಕೊಳ್ಳುವುದು ನಮ್ಮ ಮನೆಗಳಿಗೆ ಗೊತ್ತಿರುವ ವಿದ್ಯೆ.

ಈಗ ಅಜ್ಜನಿಗೆ ಉತ್ತರ ಹೇಳಬಹುದು. ಟ್ಯೂಬ್ ಮಾಡುತ್ತಿದ್ದ ಕೆಲಸ ಮೂವರಿಗೆ ಹಂಚಿಹೋಗಿದೆ. ಕಡ್ಡಿಯ ತೂತುಗಳನ್ನು ಟೇಪ್ ಮುಚ್ಚುತ್ತದೆ. ಗಾಳಿಯ ಒತ್ತಡವೇ ಟೈರಿನ ಅಂಚನ್ನು ರಿಮ್ಮಿನ ಗೋಡೆಗೆ ಒತ್ತಿ ಹಿಡಿಯುತ್ತದೆ. ಎಲ್ಲಾದರೂ ಸಂದಿ ಉಳಿದರೆ, ಮುಳ್ಳು ಚುಚ್ಚಿದರೆ, ಒಳಗಿನ ದ್ರವ ಗಾಳಿಯ ಜೊತೆ ಹೊರಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ನೀವು ನೋಡುವ ಹೊತ್ತಿಗೆ ಟೈರಿನ ಮೇಲೆ ಒಂದು ಒದ್ದೆ ಚುಕ್ಕೆ ಮಾತ್ರ.

ಮಾಡುವಾಗ ಅವಸರ ಬೇಡ. ರಿಮ್ಮನ್ನು ಸ್ಪಿರಿಟ್ ಹಾಕಿ ಒರೆಸಿ ಪೂರ್ತಿ ಒಣಗಿಸಿ. ಟೇಪ್ ರಿಮ್ಮಿನ ಒಳಗಿನ ಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚಿರಲಿ. ಎಳೆದು ಹಿಡಿದು ಸುಕ್ಕಿಲ್ಲದೆ ಸುತ್ತಿ, ಕೊನೆಯಲ್ಲಿ ಒಂದು ಗೇಣು ಮೇಲೆ ಮೇಲೆ ಬರಲಿ. ಅರ್ಧ ಪಾಲು ಸೋರಿಕೆಗೆ ಕಾರಣ ಈ ಟೇಪೇ. ವಾಲ್ವ್ ಕೂರಿಸಿ, ಟೈರ್ ಹಾಕಿ, ಅಂಚಿಗೆ ಸೋಪಿನ ನೀರು ಸವರಿ, ಒಂದೇ ಉಸಿರಿಗೆ ಜೋರಾಗಿ ಗಾಳಿ ಹೊಡೆಯಬೇಕು. ಅಂಚು 'ಠಕ್ ಠಕ್' ಅಂತ ಸದ್ದು ಮಾಡಿ ಕೂರುತ್ತದೆ. ಟೈರ್ ಮೇಲೆ, ರಿಮ್ ಮೇಲೆ ಬರೆದ ಮಿತಿ ದಾಟಬೇಡಿ, ಅಂಚು ಹಾರಿದರೆ ಕಿವಿಗೂ ಕಣ್ಣಿಗೂ ಅಪಾಯ. ತೀರಾ ಹಳೆಯ ರಿಮ್ ಇದ್ದರೆ ಫೀಟ್ಸೆನ್‌ಮಾಕರ್‌ಗೆ ತೋರಿಸಿ ಕೇಳಿ. ಆಮೇಲೆ ಸುಮಾರು 100 ಮಿಲಿಲೀಟರ್ ದ್ರವ ಹಾಕಿ, ಚಕ್ರವನ್ನು ತಿರುಗಿಸಿ ಅಲ್ಲಾಡಿಸಿ, ಎರಡೂ ಮಗ್ಗುಲಿಗೆ ಸ್ವಲ್ಪ ಹೊತ್ತು ಮಲಗಿಸಿಡಿ. ಟ್ಯೂಬಿದ್ದಾಗ 2.5 ಬಾರ್ ಹಾಕುತ್ತಿದ್ದವರು ಈಗ 1.6ರ ಆಸುಪಾಸಿನಲ್ಲಿ ಓಡಿಸಬಹುದು.

ಆ ದ್ರವದ ಬಾಟಲಿ ತೆರೆದಾಗ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆಯನ್ನು ಗಮನಿಸಿದ್ದೀರಾ? ಅಂಥ ದ್ರವಗಳಲ್ಲಿ ಬಹಳಷ್ಟರ ಜೀವಾಳ ರಬ್ಬರ್ ಮರದ ಹಾಲು. ಮರದಿಂದ ಇಳಿಸಿದ ಹಾಲು ಕೆಲವೇ ಗಂಟೆಗಳಲ್ಲಿ ಹೆಪ್ಪಾಗುತ್ತದೆ. ಹೆಪ್ಪಾಗದಂತೆ ಇಡಲು ಅಮೋನಿಯಾ ಬೆರೆಸುತ್ತಾರೆ. ಸುಳ್ಯ, ಪುತ್ತೂರು ಕಡೆಯಿಂದ ಬಂದ ಮನೆಯವರಿಗೆ ಈ ವಾಸನೆ ಗೊತ್ತು. ಅಲ್ಲಿ ಮರಕ್ಕೆ ಗೆರಟೆ ಕಟ್ಟಿ ಹಾಲು ಹಿಡಿದು, ಹುಳಿ ಹಾಕಿ ಹೆಪ್ಪುಗಟ್ಟಿಸಿ, ಒತ್ತಿ ಶೀಟ್ ಮಾಡಿ ಹೊಗೆಗೂಡಿನಲ್ಲಿ ಒಣಗಿಸುತ್ತಾರೆ.

ಅಲ್ಲಿನ ತೋಟಗಳಲ್ಲೂ ಒಂದು ಹಡಗಿನ ಕಥೆ ಇದೆ. ಬ್ರಿಟಿಷರು ತಮಿಳುನಾಡಿನಿಂದ ಸಿಲೋನಿನ ತೋಟಗಳಿಗೆ ಕೂಲಿಗಳನ್ನು ಸಾಗಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಸಿಲೋನ್ ಅವರ ಮೊಮ್ಮಕ್ಕಳನ್ನು ತನ್ನ ಪ್ರಜೆಗಳಲ್ಲ ಅಂದಿತು. 1964ರಲ್ಲಿ ಸಿರಿಮಾವೊ ಬಂಡಾರನಾಯಕೆ ಮತ್ತು ಲಾಲ್ ಬಹಾದುರ್ ಶಾಸ್ತ್ರಿ ಮಾಡಿಕೊಂಡ ಒಪ್ಪಂದದಂತೆ 5,25,000 ಜನರನ್ನು ಭಾರತ ತೆಗೆದುಕೊಳ್ಳಬೇಕಾಯಿತು. ಹುಟ್ಟಿದ್ದು ಅಲ್ಲಿ, ಭಾರತವನ್ನು ಕಂಡವರಲ್ಲ. ಅವರಲ್ಲಿ ಕೆಲವು ಕುಟುಂಬಗಳಿಗೆ ಬದುಕು ಕಲ್ಪಿಸಲೆಂದೇ ಕರ್ನಾಟಕ ಸರ್ಕಾರ ಸುಳ್ಯ, ಪುತ್ತೂರಿನ ಸುತ್ತ ರಬ್ಬರ್ ತೋಟ ಬೆಳೆಸಿತು. ಈಗ ಅವು ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ವಿಕಮ್ ತಂದ ಬೀಜದ ಮರ ಬೇರೂರಿದ ದ್ವೀಪದಿಂದ ಬಂದವರು ದಕ್ಷಿಣ ಕನ್ನಡದಲ್ಲಿ ಅದೇ ಮರಕ್ಕೆ ಗೀರು ಹಾಕಿದರು. ಅಪ್ಪ ಅಮ್ಮ ಯಾವ ದೇಶದವರು, ನೀನು ಯಾವ ದೇಶದವನು ಅನ್ನುವ ಪ್ರಶ್ನೆ ನಿಮಗೂ ಶಾಲೆಯಲ್ಲಿ ಎದುರಾಗಿರುತ್ತದೆ. ಅವರಿಗೆ ಅದನ್ನು ಎರಡು ಸರ್ಕಾರಗಳು ಕೇಳಿದವು.

ವ್ರೆಡೆಸ್ಟೈನ್ ಕಥೆ ಬಾಕಿ ಇತ್ತು. ಲೋಸ್‌ಡೌನೆನ್‌ನಲ್ಲಿ ಹುಟ್ಟಿದ ಕಂಪನಿ ಆಮೇಲೆ ಜರ್ಮನ್ ಗಡಿಯ ಎನ್‌ಸ್ಖೆಡೆಯಲ್ಲಿ ದೊಡ್ಡದಾಗಿ ಬೆಳೆಯಿತು. ಕಾರಿನ ಟೈರಿನ ಜೊತೆ ಸೈಕಲ್ ಟೈರಿಗೂ ಹೆಸರು ಮಾಡಿತು. ಅದರ 'ಬ್ಲ್ಯಾಕ್ ಪ್ಯಾಂಥರ್' ಮೌಂಟನ್ ಬೈಕ್ ಟೈರನ್ನು ನಿಮ್ಮಲ್ಲಿ ಕೆಲವರು ಓಡಿಸಿರುತ್ತೀರಿ. ರಷ್ಯದ ಮಾಲೀಕರು ಮುಳುಗಿದ ಮೇಲೆ 2009ರಲ್ಲಿ ಅದನ್ನು ಕೊಂಡದ್ದು ಭಾರತದ ಅಪೊಲೊ ಟೈರ್ಸ್. ಏಷ್ಯಾದ ತೋಟದಿಂದ ರಬ್ಬರ್ ತರಿಸಿಕೊಂಡು ಬೆಳೆದ ಡಚ್ ಕಾರ್ಖಾನೆಗೆ ಏಷ್ಯಾದವರೇ ಯಜಮಾನರಾದರು. ಹೆಮ್ಮೆಪಡುವುದಕ್ಕೆ ಹೊರಟವರು ಸ್ವಲ್ಪ ತಡೆಯಿರಿ. 2025ರಲ್ಲಿ ಅದೇ ಕಂಪನಿ ಎನ್‌ಸ್ಖೆಡೆಯ ಕಾರ್ಖಾನೆಯನ್ನು 2026ರ ಬೇಸಿಗೆಯೊಳಗೆ ಮುಚ್ಚುವುದಾಗಿ ಹೇಳಿತು. ಸುಮಾರು 500 ಜನರ ಕೆಲಸದ ಪ್ರಶ್ನೆ. ಮಾಲೀಕ ಯಾವ ದೇಶದವನಾದರೂ ಲೆಕ್ಕದ ಪುಸ್ತಕ ಒಂದೇ ಥರ ಇರುತ್ತದೆ.

ಇನ್ನು ನಿಮ್ಮ ಸೈಕಲ್ಲಿನ ಮಾತು. ಕಾಡಿಗೆ ಹೋಗುವ ಬೈಕಿಗೆ ಟ್ಯೂಬ್‌ಲೆಸ್ ಮಾಡಿಸಿ, ಖಂಡಿತ. ಕಾಲೇಜಿಗೆ, ಸ್ಟೇಷನ್ನಿಗೆ ಹೋಗುವ ಸೈಕಲ್ಲಿಗೆ ಬೇಡ. ಹೊರಗೆ ವಾರಗಟ್ಟಲೆ ನಿಲ್ಲುವ ಚಕ್ರದಲ್ಲಿ ಆ ಹಾಲು ಒಂದೇ ಕಡೆ ಇಳಿದು ಒಣಗಿಹೋಗುತ್ತದೆ, ಅದಕ್ಕೆ ಹಳೆಯ ತೇಪೆಯ ಡಬ್ಬಿಯೇ ಸರಿ. ಕಾಡಿನ ಬೈಕಿಗೂ ಮೂರು ನಾಲ್ಕು ತಿಂಗಳಿಗೊಮ್ಮೆ ಹಾಲು ಹಾಕುತ್ತಿರಬೇಕು. ಚಕಮಕಿ ಕಲ್ಲು ಟೈರನ್ನು ಉದ್ದಕ್ಕೆ ಸೀಳಿದರೆ ಯಾವ ಹಾಲೂ ಮುಚ್ಚುವುದಿಲ್ಲ. ಆಗ ವಾಲ್ವ್ ಬಿಚ್ಚಿ, ಸೀಳಿದ ಕಡೆ ಒಳಗಿನಿಂದ ದಪ್ಪ ತುಂಡೊಂದನ್ನು ಇಟ್ಟು, ಟ್ಯೂಬ್ ಹಾಕಿಕೊಂಡೇ ಮನೆಗೆ ಬರಬೇಕು. ಹಾಗಾಗಿ ಕಿತ್ತ ಟ್ಯೂಬನ್ನು ಎಸೆಯಬೇಡಿ. ಗಾಳಿ ತೆಗೆದು, ಬಿಗಿಯಾಗಿ ಸುತ್ತಿ, ಸೀಟಿನ ಕೆಳಗೆ ಕಟ್ಟಿಕೊಳ್ಳಿ.